ಪಾಸ್‌ವರ್ಡ್ ಸರಿಯಿದ್ದರೂ ಕಂಪ್ಯೂಟರ್ ಒಳಗೆ ಬಿಡುತ್ತಿಲ್ಲವೇ? ಕೀಬೋರ್ಡ್ ಭಾಷೆ ಪದೇ ಪದೇ ಬದಲಾಗದಂತೆ ಮಾಡಿಕೊಳ್ಳಿ

ತಿಂಗಳ ಕೊನೆ. ಸಂಬಳದ ಡಬ್ಲ್ಯುಪಿಎಸ್ ಫೈಲ್ ಮಧ್ಯಾಹ್ನದೊಳಗೆ ಬ್ಯಾಂಕಿಗೆ ಹೋಗಬೇಕು. ಕಂಪ್ಯೂಟರ್ ಆನ್ ಮಾಡಿ ನಿನ್ನೆ ಹಾಕಿದ ಪಾಸ್‌ವರ್ಡನ್ನೇ ಹಾಕಿದರೆ ‘ತಪ್ಪು’ ಎಂದು ಬರುತ್ತದೆ. ಮತ್ತೆ ಹಾಕಿದರೂ ಅದೇ. ನಾಲ್ಕೈದು ಸಲ ಆದ ಮೇಲೆ ಅಕೌಂಟೇ ಲಾಕ್. ಇನ್ನು ಐಟಿಯವರಿಗೆ ಫೋನ್ ಮಾಡಬೇಕು, ಅವರು ಇನ್ನೊಂದು ಬ್ರಾಂಚ್‌ನಲ್ಲಿ ಇರುತ್ತಾರೆ. ಅಷ್ಟರಲ್ಲಿ ಮ್ಯಾನೇಜರ್ ಎರಡು ಸಲ ಬಂದು ನೋಡಿ ಹೋಗಿರುತ್ತಾರೆ.

ಕೊಲ್ಲಿ ರಾಷ್ಟ್ರಗಳಲ್ಲಿ ಸ್ಟೋರ್ ಕೀಪರ್, ಟೈಮ್ ಕೀಪರ್, ಅಕೌಂಟೆಂಟ್, ಟೈಪಿಂಗ್ ಸೆಂಟರ್ ನೌಕರ ಹೀಗೆ ಕಂಪ್ಯೂಟರ್ ಮುಂದೆ ಕೂರುವ ನಮ್ಮವರಿಗೆ ಈ ಕಥೆ ಹೊಸತಲ್ಲ. ಇಂಥ ಹೊತ್ತಿನಲ್ಲಿ ಬಹಳ ಸಲ ಪಾಸ್‌ವರ್ಡ್ ಮರೆತಿರುವುದಿಲ್ಲ, ಕಂಪ್ಯೂಟರ್ ಕೆಟ್ಟಿರುವುದೂ ಇಲ್ಲ. ಕೀಬೋರ್ಡಿನ ಲೇಔಟ್ ಬದಲಾಗಿರುತ್ತದೆ, ಅಷ್ಟೇ. ನೀವು ಒತ್ತಿದ್ದು ಇಂಗ್ಲಿಷ್ ಅಕ್ಷರ, ಕಂಪ್ಯೂಟರ್ ಬರೆದುಕೊಂಡಿದ್ದು ಅರೇಬಿಕ್ ಅಕ್ಷರ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುವುದರಿಂದ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

‘ನಾನು ನಿನ್ನೆಯೇ ಸರಿ ಮಾಡಿದ್ದೆನಲ್ಲ, ಮತ್ತೆ ಹೇಗೆ ಬದಲಾಯಿತು?’ ಎನ್ನುವುದು ಎಲ್ಲರ ಪ್ರಶ್ನೆ. ನಿನ್ನೆ ಮಾಡಿದ್ದು ಆ ಹೊತ್ತಿನ ಬದಲಾವಣೆ ಮಾತ್ರ. ಕಾಯಂ ಆಗಬೇಕಾದರೆ ಬೇರೆ ಜಾಗದಲ್ಲಿ ಬದಲಿಸಬೇಕು. ಆ ಜಾಗವೂ ಒಂದಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ.

ಕೀಲಿ ಒಂದೇ, ಅಕ್ಷರ ಬೇರೆ

ಕೀಬೋರ್ಡ್‌ಗೆ ತನ್ನ ಮೇಲೆ ಯಾವ ಅಕ್ಷರ ಅಚ್ಚಾಗಿದೆ ಅಂತ ಗೊತ್ತಿರುವುದಿಲ್ಲ. ‘ಎರಡನೇ ಸಾಲಿನ ಮೂರನೇ ಕೀಲಿ ಒತ್ತಿದರು’ ಎನ್ನುವಷ್ಟು ಸುದ್ದಿಯನ್ನು ಮಾತ್ರ ಅದು ಕಂಪ್ಯೂಟರಿಗೆ ಕಳಿಸುತ್ತದೆ. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ವಿಂಡೋಸ್. ಆ ತೀರ್ಮಾನಕ್ಕೆ ಇಟ್ಟುಕೊಂಡ ಪಟ್ಟಿಗೇ ಲೇಔಟ್ ಎನ್ನುವುದು. ಇಲ್ಲಿ ಮಾರುವ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಮತ್ತು ಅರೇಬಿಕ್ ಎರಡೂ ಅಚ್ಚಾಗಿರುತ್ತವೆ. ಕಂಪ್ಯೂಟರಿಗೆ ವಿಂಡೋಸ್ ಹಾಕುವಾಗಲೂ ಎರಡು ಲೇಔಟ್ ಸೇರಿಸಿಯೇ ಕೊಡುವುದು ರೂಢಿ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಎಕ್ಸೆಲ್‌ನಲ್ಲಿ ಬೇಗ ಬೇಗ ಕೆಲಸ ಮಾಡುವವರ ಕೈ ಗೊತ್ತಿಲ್ಲದೆಯೇ ಈ ಎರಡು ಕೀಲಿಗಳ ಮೇಲೆ ಬೀಳುತ್ತದೆ.

ಅರೇಬಿಕ್ ಆದರೆ ಅಕ್ಷರ ನೋಡಿದ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದೆ ಕಾಡುವುದು ಇಂಗ್ಲಿಷ್‌ಗಳ ಒಳಗಿನ ವ್ಯತ್ಯಾಸ. ಅಮೆರಿಕದ ಲೇಔಟಿನಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ @ ಬರುತ್ತದೆ. ಬ್ರಿಟನ್ನಿನ ಲೇಔಟಿನಲ್ಲಿ ಅದೇ ಕೀಲಿಗೆ ಜೋಡಿ ಉದ್ಧರಣ ಚಿಹ್ನೆ ಬರುತ್ತದೆ. @ ಬೇಕಾದರೆ ಎಂಟರ್ ಕೀಲಿಯ ಹತ್ತಿರ ಹೋಗಬೇಕು. ಶಿಫ್ಟ್ ಮತ್ತು 3 ಒತ್ತಿದರೆ ಅಮೆರಿಕದ್ದರಲ್ಲಿ #, ಬ್ರಿಟನ್ನಿನದರಲ್ಲಿ ಪೌಂಡ್ ಚಿಹ್ನೆ. ಪಾಸ್‌ವರ್ಡಿನಲ್ಲಿ @ ಇಲ್ಲದವರು ಯಾರು ಹೇಳಿ! ಉಳಿದ ಅಕ್ಷರಗಳೆಲ್ಲ ಸರಿಯಾಗಿಯೇ ಬರುತ್ತವೆ, ಆ ಒಂದು ಚಿಹ್ನೆ ಮಾತ್ರ ತಪ್ಪುತ್ತದೆ.

ಬರ್ ದುಬೈನ ಖಾಲಿದ್ ಬಿನ್ ವಲೀದ್ ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಯುರೋಪಿನಲ್ಲಿ ಬಳಸಿದ ಲ್ಯಾಪ್‌ಟಾಪ್ ಆದರೆ ಅದರ ಮೇಲೆ ಬ್ರಿಟಿಷ್ ಅಥವಾ ಜರ್ಮನ್ ಅಚ್ಚು ಇರಬಹುದು. ಜರ್ಮನ್ನಿನಲ್ಲಿ ‘ವೈ’ ಮತ್ತು ‘ಝಡ್’ ಜಾಗ ಬದಲಾಗಿರುತ್ತವೆ. ಕೀಬೋರ್ಡಿನ ಮೇಲೆ ಏನು ಅಚ್ಚಾಗಿದೆಯೋ ಆ ಲೇಔಟನ್ನೇ ವಿಂಡೋಸ್‌ನಲ್ಲಿ ಆರಿಸಿಕೊಳ್ಳಿ, ಇಲ್ಲವೇ ಅಚ್ಚನ್ನು ಮರೆತು ಅಮೆರಿಕದ ಲೇಔಟಿಗೇ ಕೈ ಪಳಗಿಸಿಕೊಳ್ಳಿ. ಎರಡರ ಮಧ್ಯೆ ನಿಂತರೆ ದಿನಾ ರಗಳೆ.

ಈಗಾಗಲೇ ಹೊರಗೆ ನಿಂತಿದ್ದರೆ

ಲಾಗಿನ್ ಪರದೆಯಲ್ಲೇ ಸಿಕ್ಕಿಹಾಕಿಕೊಂಡವರು ಮೂರನೇ ಸಲ ಪಾಸ್‌ವರ್ಡ್ ಹಾಕುವ ಮೊದಲು ಕೈ ತೆಗೆದು ಬಲಗಡೆ ಕೆಳಗಿನ ಮೂಲೆ ನೋಡಿ. ಒಂದಕ್ಕಿಂತ ಹೆಚ್ಚು ಲೇಔಟ್ ಇದ್ದರೆ ಅಲ್ಲಿ ಭಾಷೆಯ ಗುರುತು ಇರುತ್ತದೆ. ಅದರ ಮೇಲೆ ಒತ್ತಿದರೆ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಬಹುದು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೂ ಆಗುತ್ತದೆ. ಪಾಸ್‌ವರ್ಡ್ ಜಾಗದ ಬಲಕ್ಕೆ ಕಣ್ಣಿನ ಚಿತ್ರ ಇದ್ದರೆ ಅದನ್ನು ಒತ್ತಿ ಹಿಡಿದಾಗ ನೀವು ನಿಜಕ್ಕೂ ಏನು ಟೈಪ್ ಮಾಡಿದ್ದೀರಿ ಅಂತ ಕಾಣುತ್ತದೆ. ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ಒತ್ತಿ. ಕೆಲವು ಕಂಪೆನಿಗಳು ಈ ಕಣ್ಣನ್ನು ಮುಚ್ಚಿಟ್ಟಿರುತ್ತವೆ. ಹಾಗಾದರೆ ಅದೇ ಮೂಲೆಯ ಆ್ಯಕ್ಸೆಸಿಬಿಲಿಟಿ ಚಿತ್ರ ಒತ್ತಿ ‘ಆನ್ ಸ್ಕ್ರೀನ್ ಕೀಬೋರ್ಡ್’ ತೆರೆಯಿರಿ. ಈಗ ಯಾವ ಲೇಔಟ್ ನಡೆಯುತ್ತಿದೆಯೋ ಅದರ ಅಕ್ಷರಗಳೇ ಆ ಕೀಲಿಗಳ ಮೇಲೆ ಕಾಣುತ್ತವೆ.

ಇದರ ತಿರುವುಮುರುವು ಸಮಸ್ಯೆಯೂ ಉಂಟು. ಪಾಸ್‌ವರ್ಡ್ ಬದಲಿಸುವ ಹೊತ್ತಿಗೆ ಲೇಔಟ್ ಅರೇಬಿಕ್‌ನಲ್ಲಿ ಇತ್ತು ಅಂತಿಟ್ಟುಕೊಳ್ಳಿ. ಎರಡು ಸಲವೂ ಒಂದೇ ರೀತಿ ಟೈಪ್ ಮಾಡಿರುತ್ತೀರಿ, ಕಂಪ್ಯೂಟರ್ ಒಪ್ಪಿಕೊಂಡಿರುತ್ತದೆ. ಮರುದಿನ ಇಂಗ್ಲಿಷ್‌ನಲ್ಲಿ ಹಾಕಿದರೆ ತಪ್ಪು ಎನ್ನುತ್ತದೆ. ಆಗ ಲೇಔಟನ್ನು ಅರೇಬಿಕ್ ಮಾಡಿ ಅವೇ ಕೀಲಿಗಳನ್ನು ಒತ್ತಿ ನೋಡಿ. ಒಳಗೆ ಹೋದ ಕೂಡಲೇ ಲೇಔಟ್ ಇಂಗ್ಲಿಷ್ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಒಂದೆರಡು ಅಕ್ಷರ ಟೈಪ್ ಮಾಡಿ ಖಚಿತ ಮಾಡಿಕೊಂಡ ಮೇಲೆ ಪಾಸ್‌ವರ್ಡ್ ಬದಲಿಸಿ.

ಮಾಡಿದ ಬದಲಾವಣೆ ಯಾಕೆ ನಿಲ್ಲುವುದಿಲ್ಲ?

ಕ್ಯಾಂಪಿನ ರೂಮನ್ನು ನೆನಪಿಸಿಕೊಳ್ಳಿ. ರೂಮಿನ ಒಳಗಿನ ಎಸಿ ನೀವು ಇಟ್ಟ ಹಾಗೆ ಇರುತ್ತದೆ. ಕಟ್ಟಡದ ಗೇಟಿನ ಲೈಟು ಮಾತ್ರ ವಾಚ್‌ಮನ್ ಕೈಯಲ್ಲಿ. ವಿಂಡೋಸ್‌ನಲ್ಲೂ ಹಾಗೆಯೇ. ನೀವು ಲಾಗಿನ್ ಆದ ಮೇಲೆ ಮಾಡುವ ಕೀಬೋರ್ಡ್ ಸೆಟ್ಟಿಂಗ್ ನಿಮ್ಮ ಅಕೌಂಟಿಗೆ ಸೇರಿದ್ದು. ಲಾಗಿನ್ ಪರದೆ ಬರುವಾಗ ನೀವು ಯಾರು ಅಂತ ಕಂಪ್ಯೂಟರಿಗೆ ಇನ್ನೂ ಗೊತ್ತಿರುವುದಿಲ್ಲ. ಹಾಗಾಗಿ ಅದಕ್ಕೆ ಬೇರೆಯೇ ಪಟ್ಟಿ ಇರುತ್ತದೆ. ನಿಮ್ಮ ಪಟ್ಟಿಯಿಂದ ಅರೇಬಿಕ್ ತೆಗೆದರೂ ಗೇಟಿನಲ್ಲಿ ಅದು ಹಾಗೇ ಉಳಿದಿರುತ್ತದೆ.

ತಾಂತ್ರಿಕವಾಗಿ ತಿಳಿಯಬೇಕು ಎನ್ನುವವರಿಗೆ: ವಿಂಡೋಸ್ ಒಳಗೆ ಪ್ರತಿ ಲೇಔಟಿಗೂ ಒಂದು ಸಂಖ್ಯೆ ಇದೆ. ಅಮೆರಿಕದ ಇಂಗ್ಲಿಷ್ 409, ಬ್ರಿಟನ್ನಿನದು 809, ಅರೇಬಿಕ್ 401, ಕನ್ನಡ 44ಬಿ. ಈ ಸಂಖ್ಯೆಗಳನ್ನು ರಿಜಿಸ್ಟ್ರಿಯಲ್ಲಿ ‘ಪ್ರೀಲೋಡ್’ ಎಂಬ ಹೆಸರಿನಡಿ ಸಾಲಾಗಿ ಬರೆದಿಟ್ಟಿರುತ್ತದೆ. ಅಂಥ ಪ್ರೀಲೋಡ್ ಪ್ರತಿ ಬಳಕೆದಾರರಿಗೂ ಒಂದೊಂದು, ಲಾಗಿನ್ ಪರದೆಗೆ ಇನ್ನೊಂದು. ಸಾಲಿನಲ್ಲಿ ಮೊದಲು ಇರುವುದೇ ಶುರುವಿಗೆ ಬರುವ ಲೇಔಟ್.

ಕೆಳಗಿನ ಪಟ್ಟಿಯಲ್ಲಿ, ಅಂದರೆ ಟಾಸ್ಕ್‌ಬಾರಿನಲ್ಲಿ, ಭಾಷೆ ಬದಲಿಸಿದಾಗ ಈ ಸಾಲಿನ ಕ್ರಮ ಬದಲಾಗುವುದಿಲ್ಲ. ಆ ಹೊತ್ತಿಗೆ ಸಾಲಿನ ಎರಡನೆಯದನ್ನು ಬಳಸು ಅಂದಂತೆ ಮಾತ್ರ. ಕಂಪ್ಯೂಟರ್ ಮತ್ತೆ ಶುರುವಾದಾಗ ಮೊದಲನೆಯದೇ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇಷ್ಟನ್ನೇ, ಹಾಗಾಗಿಯೇ ‘ಸೆಟ್ಟಿಂಗ್ ಉಳಿಯುವುದಿಲ್ಲ’ ಎಂಬ ದೂರು.

ವಿಂಡೋಸ್‌ನಲ್ಲಿ ಕಾಯಂ ಮಾಡುವುದು ಹೀಗೆ

ಮೊದಲು ಪಟ್ಟಿ ಸ್ವಚ್ಛ ಮಾಡಿ. ‘ಸೆಟ್ಟಿಂಗ್ಸ್’ ತೆರೆದು ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ಒಳಗೆ ಹೋಗಿ. ವಿಂಡೋಸ್ 11ರಲ್ಲಿ ‘ಲ್ಯಾಂಗ್ವೇಜ್ ಆ್ಯಂಡ್ ರೀಜನ್’, 10ರಲ್ಲಿ ‘ಲ್ಯಾಂಗ್ವೇಜ್’ ಎಂದಿರುತ್ತದೆ. ಅಲ್ಲಿ ಭಾಷೆಗಳ ಪಟ್ಟಿ ಕಾಣುತ್ತದೆ. ನಿಮಗೆ ಬೇಕಾದ ಇಂಗ್ಲಿಷನ್ನು ‘ಮೂವ್ ಅಪ್’ ಒತ್ತಿ ಎಲ್ಲಕ್ಕಿಂತ ಮೇಲೆ ತನ್ನಿ. ಬೇಡದ ಭಾಷೆಗಳನ್ನು ತೆಗೆದುಹಾಕಿ. ಆದರೆ ಆಫೀಸಿನಲ್ಲಿ ಅರೇಬಿಕ್ ಟೈಪ್ ಮಾಡುವ ಮಂದೂಬ್ ಇದೇ ಕಂಪ್ಯೂಟರ್ ಬಳಸುತ್ತಾರಾದರೆ ಅರೇಬಿಕ್ ತೆಗೆಯಲು ಹೋಗಬೇಡಿ. ಕೆಳಗೆ ಇಟ್ಟರೆ ಸಾಕು, ಸುಮ್ಮನೆ ಜಗಳ ಯಾಕೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಭಾಷೆ ಬೇರೆ, ಕೀಬೋರ್ಡ್ ಬೇರೆ. ಒಂದು ಭಾಷೆಯ ಒಳಗೆ ಎರಡು ಮೂರು ಕೀಬೋರ್ಡ್ ಇರಬಹುದು. ಇಂಗ್ಲಿಷ್‌ನ ಪಕ್ಕದ ಮೂರು ಚುಕ್ಕಿ ಒತ್ತಿ ‘ಲ್ಯಾಂಗ್ವೇಜ್ ಆಪ್ಷನ್ಸ್’ಗೆ ಹೋದರೆ (10ರಲ್ಲಿ ಭಾಷೆಯ ಮೇಲೆ ಒತ್ತಿದರೆ ‘ಆಪ್ಷನ್ಸ್’ ಸಿಗುತ್ತದೆ) ಕೊನೆಯಲ್ಲಿ ಕೀಬೋರ್ಡ್‌ಗಳ ಪಟ್ಟಿ ಇರುತ್ತದೆ. ಅಲ್ಲಿ ಅಮೆರಿಕದ್ದೂ ಬ್ರಿಟನ್ನಿನದೂ ಎರಡೂ ಇದ್ದರೆ ಒಂದನ್ನು ತೆಗೆಯಿರಿ. @ ಕೈಕೊಡುವ ಬಹುತೇಕ ಪ್ರಕರಣಗಳು ಇಲ್ಲೇ ಮುಗಿಯುತ್ತವೆ. ಊರಿನ ಲೆಕ್ಕ ಬರೆಯುವವರಿಗೆ ರೂಪಾಯಿ ಚಿಹ್ನೆ ಬೇಕಾಗುತ್ತದೆ. ಅಂಥವರು ‘ಇಂಗ್ಲಿಷ್ ಇಂಡಿಯಾ’ ಇಟ್ಟುಕೊಳ್ಳಬಹುದು. ಅದರಲ್ಲಿ @ ಅಮೆರಿಕದ್ದರಂತೆ 2ರ ಮೇಲೆಯೇ ಇದೆ, ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ.

ನಂತರ ‘ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್’. ವಿಂಡೋಸ್ 11ರಲ್ಲಿ ಇದು ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ಒಳಗಿನ ‘ಟೈಪಿಂಗ್’ನಲ್ಲಿ, 10ರಲ್ಲಿ ‘ಡಿವೈಸಸ್’ ಒಳಗಿನ ‘ಟೈಪಿಂಗ್’ನಲ್ಲಿ ಇದೆ. ಮೊದಲಿಗೇ ಕಾಣುವುದು ‘ಓವರ್‌ರೈಡ್ ಫಾರ್ ಡೀಫಾಲ್ಟ್ ಇನ್‌ಪುಟ್ ಮೆಥಡ್’. ಭಾಷಾಪಟ್ಟಿ ಹೇಗೇ ಇರಲಿ, ಶುರುವಾಗುವಾಗ ಇದೇ ಲೇಔಟ್ ಬರಲಿ ಎಂದು ಕಟ್ಟಪ್ಪಣೆ ಮಾಡುವ ಜಾಗ ಅದು. ಅಲ್ಲಿ ನಿಮ್ಮ ಇಂಗ್ಲಿಷನ್ನು ಆರಿಸಿ. ಅದರ ಕೆಳಗೆ ಪ್ರತಿ ಆ್ಯಪ್ ವಿಂಡೋಗೆ ಬೇರೆ ಬೇರೆ ಲೇಔಟ್ ಇಡುವ ಆಯ್ಕೆ ಉಂಟು. ವರ್ಡ್‌ನಲ್ಲಿ ಕನ್ನಡ, ಬ್ರೌಸರಿನಲ್ಲಿ ಇಂಗ್ಲಿಷ್ ಬೇಕೆನ್ನುವವರಿಗೆ ಇದು ಅನುಕೂಲ. ಆದರೆ ಆ ನೆನಪು ವಿಂಡೋ ತೆರೆದಿರುವ ತನಕ ಮಾತ್ರ. ಮುಚ್ಚಿ ತೆರೆದರೆ ಮತ್ತೆ ಡೀಫಾಲ್ಟ್. ಟಿಕ್ ಹಾಕಿದ್ದು ಮರೆತುಹೋದರೆ ‘ಒಂದೊಂದು ಕಡೆ ಒಂದೊಂದು ಥರ ಬರುತ್ತದಲ್ಲ’ ಅಂತ ತಲೆ ಕೆಡುತ್ತದೆ. ಬೇಡದವರು ಟಿಕ್ ತೆಗೆದಿಡಿ.

ಅದೇ ಪುಟದಲ್ಲಿ ‘ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್’ ಎಂಬ ಕೊಂಡಿ ಇದೆ. ನನ್ನ ಪ್ರಕಾರ ನಮ್ಮವರಿಗೆ ಅತಿ ಹೆಚ್ಚು ಉಪಯೋಗ ಇದರಿಂದಲೇ, ಅತಿ ಕಡಿಮೆ ಜನ ನೋಡುವುದೂ ಇದನ್ನೇ. ತೆರೆದು ‘ಚೇಂಜ್ ಕೀ ಸೀಕ್ವೆನ್ಸ್’ ಒತ್ತಿ. ‘ಸ್ವಿಚ್ ಇನ್‌ಪುಟ್ ಲ್ಯಾಂಗ್ವೇಜ್’, ‘ಸ್ವಿಚ್ ಕೀಬೋರ್ಡ್ ಲೇಔಟ್’ ಎರಡಕ್ಕೂ ‘ನಾಟ್ ಅಸೈನ್ಡ್’ ಆರಿಸಿ ಓಕೆ ಕೊಡಿ. ಇನ್ನು ಆಲ್ಟ್ ಶಿಫ್ಟ್ ಆಗಲಿ ಕಂಟ್ರೋಲ್ ಶಿಫ್ಟ್ ಆಗಲಿ ಅಕಸ್ಮಾತ್ ಒತ್ತಿದರೂ ಲೇಔಟ್ ಹಾರುವುದಿಲ್ಲ. ಬೇಕೆಂದಾಗ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಇದ್ದೇ ಇದೆ. ಅದು ತಪ್ಪಿ ಒತ್ತುವಂಥ ಜೋಡಿಯಲ್ಲ, ಒತ್ತಿದಾಗ ಪರದೆಯ ಮೇಲೆ ಪಟ್ಟಿಯೂ ಕಾಣುತ್ತದೆ.

ಇಷ್ಟಾದರೆ ರೂಮಿನ ಒಳಗಿನದು ಮುಗಿಯಿತು. ಇನ್ನು ಗೇಟಿನದು.

‘ಲ್ಯಾಂಗ್ವೇಜ್ ಆ್ಯಂಡ್ ರೀಜನ್’ ಪುಟದಲ್ಲಿ ಕೆಳಗೆ ‘ಅಡ್ಮಿನಿಸ್ಟ್ರೇಟಿವ್ ಲ್ಯಾಂಗ್ವೇಜ್ ಸೆಟ್ಟಿಂಗ್ಸ್’ ಎಂದಿರುತ್ತದೆ. ಸಿಗದಿದ್ದರೆ ಹಳೆಯ ಕಂಟ್ರೋಲ್ ಪ್ಯಾನೆಲ್ ತೆರೆದು ‘ರೀಜನ್’, ಅದರಲ್ಲಿ ‘ಅಡ್ಮಿನಿಸ್ಟ್ರೇಟಿವ್’ ಟ್ಯಾಬ್. ಅಲ್ಲಿ ‘ಕಾಪಿ ಸೆಟ್ಟಿಂಗ್ಸ್’ ಬಟನ್ ಒತ್ತಿದರೆ ಒಂದು ಚಿಕ್ಕ ಕಿಟಕಿ ಬರುತ್ತದೆ. ನಿಮ್ಮ ಅಕೌಂಟಿನ ಲೇಔಟ್ ಯಾವುದು, ಲಾಗಿನ್ ಪರದೆಯದು ಯಾವುದು, ಹೊಸ ಬಳಕೆದಾರರಿಗೆ ಯಾವುದು ಎಂದು ಮೂರನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಸಮಸ್ಯೆ ಇರುವವರ ಕಂಪ್ಯೂಟರಿನಲ್ಲಿ ಬಹಳ ಸಲ ಈ ಮೂರು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಳಗಿನ ‘ವೆಲ್‌ಕಮ್ ಸ್ಕ್ರೀನ್ ಆ್ಯಂಡ್ ಸಿಸ್ಟಂ ಅಕೌಂಟ್ಸ್’ಗೆ ಟಿಕ್ ಹಾಕಿ ಓಕೆ ಕೊಟ್ಟರೆ ನಿಮ್ಮ ಸೆಟ್ಟಿಂಗ್ ಲಾಗಿನ್ ಪರದೆಗೂ ನಕಲಾಗುತ್ತದೆ. ಮುಂದೆ ಸೇರಿಸುವ ಅಕೌಂಟುಗಳಿಗೂ ಬೇಕಾದರೆ ‘ನ್ಯೂ ಯೂಸರ್ ಅಕೌಂಟ್ಸ್’ಗೂ ಟಿಕ್ ಹಾಕಿ.

ಎರಡು ಎಚ್ಚರಿಕೆ. ಇದಕ್ಕೆ ಅಡ್ಮಿನ್ ಹಕ್ಕು ಬೇಕು, ಕಂಪೆನಿಯ ಕಂಪ್ಯೂಟರ್ ಆದರೆ ಐಟಿಯವರಿಂದಲೇ ಮಾಡಿಸಬೇಕು. ಅವರಿಗೆ ‘ಕೀಬೋರ್ಡ್ ಸರಿಯಿಲ್ಲ’ ಅಂತ ಹೇಳಬೇಡಿ, ಹೊಸ ಕೀಬೋರ್ಡ್ ತಂದಿಟ್ಟು ಹೋಗುತ್ತಾರೆ! ‘ವೆಲ್‌ಕಮ್ ಸ್ಕ್ರೀನಿಗೆ ಲೇಔಟ್ ಕಾಪಿ ಮಾಡಿಕೊಡಿ’ ಅನ್ನಿ. ಎರಡನೆಯದು, ನಕಲಾಗುವುದು ಲೇಔಟ್ ಒಂದೇ ಅಲ್ಲ. ಪರದೆಯ ಭಾಷೆ, ದಿನಾಂಕದ ರೀತಿ ಎಲ್ಲವೂ ಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿ ಕನ್ನಡ ಮೇಲಿದ್ದು ಹಾಗೇ ಕಾಪಿ ಮಾಡಿದರೆ ಲಾಗಿನ್ ಪರದೆಯಲ್ಲಿ ಕನ್ನಡ ಅಕ್ಷರವೇ ಬೀಳುತ್ತದೆ. ಇಂಗ್ಲಿಷನ್ನು ಮೇಲೆ ತಂದ ಮೇಲೆಯೇ ಕಾಪಿ ಮಾಡಿ.

ಆಮೇಲೆ ರಿಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದೇ ಅಂದರೆ, ಸಾಲದೇ ಇರಬಹುದು. ‘ಫಾಸ್ಟ್ ಸ್ಟಾರ್ಟಪ್’ ಇರುವ ಕಂಪ್ಯೂಟರ್ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಂದು ಭಾಗವನ್ನು ಹಾಗೇ ಉಳಿಸಿಟ್ಟು ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ರಿಸ್ಟಾರ್ಟ್ ಮಾಡಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ. ಲಾಗಿನ್ ಪರದೆಯಲ್ಲಿ @ ಹಾಕಿ, ಕಣ್ಣಿನ ಚಿತ್ರ ಒತ್ತಿ ನೋಡಿ. ಸರಿಯಾಗಿ ಬಂತಾ? ಹಾಗಾದರೆ ಮುಗಿಯಿತು.

ಅಷ್ಟು ಮಾಡಿಯೂ ಬದಲಾಗುತ್ತಿದ್ದರೆ

ಕೆಲವರಿಗೆ ಎಲ್ಲ ಮಾಡಿದ ಮೇಲೂ ಬದಲಾಗುತ್ತದೆ. ಹಿಂದಿನಿಂದ ಯಾರೋ ಬದಲಿಸುತ್ತಿದ್ದಾರೆ ಅಂತ ಅರ್ಥ. ಆ ‘ಯಾರೋ’ ಹೆಚ್ಚಾಗಿ ಮೈಕ್ರೋಸಾಫ್ಟ್ ವರ್ಡ್. ಕರ್ಸರ್ ಇರುವ ಜಾಗದ ಭಾಷೆಗೆ ತಕ್ಕಂತೆ ಕೀಬೋರ್ಡನ್ನು ತಾನೇ ಬದಲಿಸುವ ಅಭ್ಯಾಸ ಅದಕ್ಕಿದೆ. ಇಂಗ್ಲಿಷ್ ಮತ್ತು ಅರೇಬಿಕ್ ಎರಡೂ ಇರುವ ಕಾಂಟ್ರ್ಯಾಕ್ಟ್ ಪತ್ರ ತೆರೆದು ಅರೇಬಿಕ್ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಸಾಕು, ಲೇಔಟ್ ಅರೇಬಿಕ್ ಆಗುತ್ತದೆ. ವರ್ಡ್‌ನ ‘ಫೈಲ್’, ‘ಆಪ್ಷನ್ಸ್’, ‘ಅಡ್ವಾನ್ಸ್‌ಡ್’ಗೆ ಹೋದರೆ ಸುತ್ತಲಿನ ಅಕ್ಷರಗಳ ಭಾಷೆಗೆ ತಕ್ಕಂತೆ ಕೀಬೋರ್ಡ್ ಬದಲಿಸುವ ಸಾಲು ಸಿಗುತ್ತದೆ. ಟಿಕ್ ತೆಗೆಯಿರಿ.

ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಆದರೂ ಕೆಳಗೆ ಬ್ರಿಟಿಷ್ ಲೇಔಟ್ ಕಾಣಿಸುತ್ತದೆ ಎನ್ನುವುದು ಇನ್ನೊಂದು ದೂರು. ಇಲ್ಲದ್ದನ್ನು ತೆಗೆಯುವುದು ಹೇಗೆ? ಮೊದಲು ಆ ಭಾಷೆಯನ್ನು ನೀವೇ ಪಟ್ಟಿಗೆ ಸೇರಿಸಿ, ಸೈನ್ ಔಟ್ ಆಗಿ ಬಂದು, ಆಮೇಲೆ ತೆಗೆಯಿರಿ. ವಿಚಿತ್ರ ಅನಿಸಿದರೂ ಕೆಲಸ ಮಾಡುತ್ತದೆ. ಲಾಗಿನ್ ಪರದೆಯ ಪಟ್ಟಿಯಲ್ಲಿ ಉಳಿದಿದ್ದರಿಂದಲೂ ಹೀಗಾಗಬಹುದು. ಮೇಲೆ ಹೇಳಿದ ಕಾಪಿ ಸೆಟ್ಟಿಂಗ್ಸ್ ಮಾಡಿದರೆ ಹೋಗುತ್ತದೆ.

ಆಫೀಸಿನಲ್ಲೂ ರೂಮಿನಲ್ಲೂ ಒಂದೇ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುವವರಿಗೆ ಭಾಷೆಯ ಆಯ್ಕೆಗಳು ಇಂಟರ್ನೆಟ್ ಮೂಲಕ ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ಆಫೀಸಿನ ಅರೇಬಿಕ್ ರೂಮಿನ ಲ್ಯಾಪ್‌ಟಾಪಿಗೆ ಬರುವುದು ಹೀಗೆ. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಒಳಗೆ, 11ರಲ್ಲಿ ‘ವಿಂಡೋಸ್ ಬ್ಯಾಕಪ್’, 10ರಲ್ಲಿ ‘ಸಿಂಕ್ ಯುವರ್ ಸೆಟ್ಟಿಂಗ್ಸ್’ನಲ್ಲಿ ‘ಲ್ಯಾಂಗ್ವೇಜ್ ಪ್ರಿಫರೆನ್ಸಸ್’ ಆಫ್ ಮಾಡಿ.

ಟ್ಯಾಲಿಯೋ ಮತ್ತೊಂದು ಅಕೌಂಟಿಂಗ್ ಸಾಫ್ಟ್‌ವೇರೋ ಸರ್ವರ್‌ನಲ್ಲಿದ್ದು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಹೋಗುವವರ ಪಾಡು ಬೇರೆ. ಸಂಪರ್ಕವಾದಾಗ ನಿಮ್ಮ ಕಂಪ್ಯೂಟರಿನ ಲೇಔಟನ್ನೂ ವಿಂಡೋಸ್ ಸರ್ವರಿನ ಕಡೆ ಸೇರಿಸಿಬಿಡುತ್ತದೆ. ಸರ್ವರಿನಲ್ಲಿ ಎಷ್ಟು ಸಲ ತೆಗೆದರೂ ಮತ್ತೆ ಬರುತ್ತದೆ. ಇದಕ್ಕೆ ಮದ್ದು ಸರ್ವರ್ ನೋಡಿಕೊಳ್ಳುವವರ ಹತ್ತಿರ ಇದೆ. ರಿಜಿಸ್ಟ್ರಿಯ ಕೀಬೋರ್ಡ್ ಲೇಔಟ್ ವಿಭಾಗದಲ್ಲಿ ‘ಇಗ್ನೋರ್ ರಿಮೋಟ್ ಕೀಬೋರ್ಡ್ ಲೇಔಟ್’ ಎಂಬ ಮೌಲ್ಯ ಸೇರಿಸಿ 1 ಎಂದು ಇಟ್ಟರೆ ನಿಲ್ಲುತ್ತದೆ. ನೀವು ರಿಜಿಸ್ಟ್ರಿಗೆ ಕೈ ಹಾಕಬೇಡಿ, ಈ ಹೆಸರನ್ನು ಅವರಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ. ಇನ್ನೊಂದು, ಕಿಟಕಿಯ ಮೇಲಿನ ಗುಣಿಸು ಚಿಹ್ನೆ ಒತ್ತಿ ಹೊರಗೆ ಬಂದರೆ ನೀವು ಸರ್ವರಿನಿಂದ ಸೈನ್ ಔಟ್ ಆಗಿರುವುದಿಲ್ಲ, ಹಳೆಯ ಸೆಷನ್ ಹಾಗೇ ಇರುತ್ತದೆ. ಲೇಔಟ್ ಸರಿಮಾಡಿದ ಮೇಲೆ ಒಮ್ಮೆ ಪೂರ್ತಿ ಸೈನ್ ಔಟ್ ಆಗಿ ಬನ್ನಿ.

ಒಂದೇ ಅಕೌಂಟನ್ನು ಎರಡು ಶಿಫ್ಟಿನವರು ಬಳಸುವ ಕಡೆ ಸೆಟ್ಟಿಂಗ್ ನಿಲ್ಲುವುದು ಸಾಧ್ಯವೇ ಇಲ್ಲ ಮಾರಾಯ್ರೆ. ಹಗಲಿನವರು ಅರೇಬಿಕ್ ಮೇಲೆ ಇಡುತ್ತಾರೆ, ರಾತ್ರಿಯವರು ಇಂಗ್ಲಿಷ್. ಇಬ್ಬರಿಗೂ ಬೇರೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಲು ಕೇಳಿ. ಹಾಗೆಯೇ ಕೆಲವು ಶಾಲೆ, ಲೈಬ್ರರಿಗಳ ಕಂಪ್ಯೂಟರಿನಲ್ಲಿ ಡೀಪ್ ಫ್ರೀಜ್ ಎಂಬ ಸಾಫ್ಟ್‌ವೇರ್ ಹಾಕಿರುತ್ತಾರೆ. ಪ್ರತಿ ರಿಸ್ಟಾರ್ಟಿಗೂ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುವುದೇ ಅದರ ಕೆಲಸ. ಅಲ್ಲಿ ಕಾಯಂ ಮಾಡಲು ಹೋಗಿ ಸಮಯ ಕಳೆಯಬೇಡಿ. ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕಿದ್ದರೆ ಬ್ರೌಸರಿನಲ್ಲೇ ಗೂಗಲ್ ಇನ್‌ಪುಟ್ ಟೂಲ್ಸ್ ತೆರೆದು ಬರೆದು ಕಾಪಿ ಮಾಡಿಕೊಳ್ಳಿ.

ಲಿನಕ್ಸ್ ಹಾಕಿಕೊಂಡವರಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೆಯ ಲ್ಯಾಪ್‌ಟಾಪಿಗೆ ಉಬುಂಟು, ಮಿಂಟ್ ಹಾಕಿಕೊಂಡವರೂ ನಮ್ಮಲ್ಲಿದ್ದಾರೆ. ಇಂಟರ್ನೆಟ್ ನೋಡಿ ಟರ್ಮಿನಲ್‌ನಲ್ಲಿ ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಆದೇಶ ಕೊಟ್ಟರೆ ಲೇಔಟ್ ಆ ಕ್ಷಣ ಬದಲಾಗುತ್ತದೆ, ಲಾಗ್ ಔಟ್ ಆದರೆ ಹೋಗುತ್ತದೆ. ಯುಎಸ್‌ಬಿ ಕೀಬೋರ್ಡ್ ಕಿತ್ತು ಮತ್ತೆ ಸಿಕ್ಕಿಸಿದರೂ ಹೋಗಬಹುದು. ಅದು ಇರುವುದೇ ತಾತ್ಕಾಲಿಕ ಬಳಕೆಗೆ. ಉಬುಂಟುವಿನಲ್ಲಿ ನಿಮ್ಮ ಅಕೌಂಟಿಗೆ ಕಾಯಂ ಮಾಡಲು ‘ಸೆಟ್ಟಿಂಗ್ಸ್’ನ ‘ಕೀಬೋರ್ಡ್’ ಒಳಗೆ ‘ಇನ್‌ಪುಟ್ ಸೋರ್ಸಸ್’ನಲ್ಲಿ ಸೇರಿಸಿ. ಇಡೀ ಯಂತ್ರದ ಲೇಔಟ್ ‘ಇಟಿಸಿ’ ಫೋಲ್ಡರಿನೊಳಗಿನ ‘ಡೀಫಾಲ್ಟ್’ ಫೋಲ್ಡರಿನಲ್ಲಿ ‘ಕೀಬೋರ್ಡ್’ ಎಂಬ ಪುಟ್ಟ ಕಡತದಲ್ಲಿರುತ್ತದೆ. ಲಾಗಿನ್ ಪರದೆ ನೋಡುವುದು ಅದನ್ನೇ. ವಿಂಡೋಸಿನ ರೂಮು, ಗೇಟು ಇಲ್ಲೂ ಉಂಟು ಅಂತಾಯಿತು.

ಕನ್ನಡವನ್ನು ಉಳಿಸಿಕೊಳ್ಳುವುದು

ನವೆಂಬರ್ ಹತ್ತಿರ ಬಂದಂತೆ ಸಂಘಗಳ ರಾಜ್ಯೋತ್ಸವ ಆಮಂತ್ರಣ, ವರದಿ, ಸ್ವಾಗತ ಭಾಷಣ ಎಲ್ಲ ಕನ್ನಡದಲ್ಲಿ ಟೈಪ್ ಆಗಬೇಕು. ಮಕ್ಕಳಿಗೆ ರಜೆಯಲ್ಲಿ ನಾಲ್ಕಕ್ಷರ ಕನ್ನಡ ಕಲಿಸೋಣ ಅಂತ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಹಾಕುವವರೂ ಇದ್ದಾರೆ. ಭಾಷಾಪಟ್ಟಿಯಲ್ಲಿ ‘ಆ್ಯಡ್ ಎ ಲ್ಯಾಂಗ್ವೇಜ್’ ಒತ್ತಿ ಕನ್ನಡ ಸೇರಿಸಿ. ವಿಂಡೋಸಿನ ಪರದೆಯ ಭಾಷೆಯೂ ಇದೇ ಆಗಲಿ ಎಂಬ ಕಡೆ ಟಿಕ್ ಇದ್ದರೆ ತೆಗೆಯಿರಿ.

ಹೀಗೆ ಸೇರಿಸಿದಾಗ ಬರುವುದು ಇನ್‌ಸ್ಕ್ರಿಪ್ಟ್ ಲೇಔಟ್. ಇದು ಭಾರತ ಸರಕಾರದ್ದು, ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಜೋಡಣೆ. ‘ಕೆ’ ಒತ್ತಿದರೆ ಕ ಬರುತ್ತದೆ, ಸರಿ ಅನಿಸುತ್ತದೆ. ‘ಜೆ’ ಒತ್ತಿದರೆ ರ, ‘ಎಚ್’ ಒತ್ತಿದರೆ ಪ! ಒತ್ತಕ್ಷರಕ್ಕೆ ‘ಡಿ’ ಒತ್ತಬೇಕು. ಕಲಿತವರಿಗೆ ವೇಗ ಸಿಗುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ರೂಢಿಯಾದವರು ಎರಡೇ ನಿಮಿಷದಲ್ಲಿ ಕನ್ನಡ ಕೆಟ್ಟಿದೆ ಎಂದು ತೆಗೆದುಹಾಕುತ್ತಾರೆ. ಅಂಥವರು ಕನ್ನಡದ ‘ಲ್ಯಾಂಗ್ವೇಜ್ ಆಪ್ಷನ್ಸ್’ಗೆ ಹೋಗಿ ‘ಆ್ಯಡ್ ಎ ಕೀಬೋರ್ಡ್’ನಲ್ಲಿ ‘ಕನ್ನಡ ಫೊನೆಟಿಕ್’ ಸೇರಿಸಿ. 2019ರ ಮೇ ತಿಂಗಳ ಅಪ್‌ಡೇಟಿನಿಂದ ಇದು ವಿಂಡೋಸಿನಲ್ಲೇ ಇದೆ, ಉಚ್ಚಾರಣೆಯಂತೆ ಟೈಪ್ ಮಾಡಿದರೆ ಸಾಕು. ಸೇರಿಸಿದ ಮೇಲೆ ಇನ್‌ಸ್ಕ್ರಿಪ್ಟ್ ತೆಗೆದುಬಿಡಿ. ಎರಡನ್ನೂ ಇಟ್ಟುಕೊಂಡರೆ ಒಮ್ಮೆ ಅದು, ಒಮ್ಮೆ ಇದು ಬಂದು ಗೊಂದಲ.

ಮೂರನೆಯದು ನಮ್ಮ ಮಂಗಳೂರು ಕಡೆಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಜೋಡಣೆ. ಕರ್ನಾಟಕ ಸರಕಾರ ಒಪ್ಪಿಕೊಂಡ ಕನ್ನಡ ಕೀಲಿಮಣೆಗೆ ಆಧಾರ ಅದೇ. ಊರಿನಲ್ಲಿ ಡಿಟಿಪಿ ಕಲಿತು ಬಂದವರಿಗೆ ‘ನುಡಿ’ಯ ಮೂಲಕ ಪರಿಚಯ. ಲಿನಕ್ಸ್‌ನಲ್ಲಿ ಇದು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ ‘ಕಗಪ’ ಎಂಬ ಹೆಸರಿನಲ್ಲಿ ಇನ್‌ಪುಟ್ ಪಟ್ಟಿಯಲ್ಲೇ ಸಿಗುತ್ತದೆ. ವಿಂಡೋಸಿನಲ್ಲಿ ನುಡಿ ಒಂದು ಪ್ರೋಗ್ರಾಂ, ಲೇಔಟ್ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ. ಹಾಗಾಗಿ ಮೇಲೆ ಹೇಳಿದ ಯಾವ ಸೆಟ್ಟಿಂಗೂ ಅದಕ್ಕೆ ತಾಗುವುದಿಲ್ಲ. ಕಂಪ್ಯೂಟರ್ ಶುರುವಾದಾಗ ನುಡಿ ತಾನಾಗಿ ತೆರೆಯಬೇಕಾದರೆ ಅದರ ಶಾರ್ಟ್‌ಕಟ್ಟನ್ನು ವಿಂಡೋಸಿನ ‘ಸ್ಟಾರ್ಟಪ್’ ಫೋಲ್ಡರಿನಲ್ಲಿ ಇಡಬೇಕು. ತೆರೆದ ಮೇಲೆ ಇಂಗ್ಲಿಷ್ ಮತ್ತು ಕನ್ನಡದ ನಡುವೆ ಹೋಗಿ ಬರಲು ಸ್ಕ್ರೋಲ್ ಲಾಕ್ ಕೀಲಿ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ; ಆನ್ ಸ್ಕ್ರೀನ್ ಕೀಬೋರ್ಡ್ ತೆರೆದು ಅಲ್ಲಿನ ಸ್ಕ್ರೋಲ್ ಲಾಕ್ ಒತ್ತಬೇಕು, ಇಲ್ಲವೇ ಹದಿನೈದು ಇಪ್ಪತ್ತು ದಿರ್ಹಮಿನ ಹೊರಗಿನ ಕೀಬೋರ್ಡ್ ಸಿಕ್ಕಿಸಿಕೊಳ್ಳಬೇಕು. ನುಡಿ ಬಳಸುವವರು ಯೂನಿಕೋಡ್ ಆರಿಸಿಕೊಂಡಿದ್ದೀರಾ ಅಂತಲೂ ನೋಡಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ ವರದಿ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ.

ಯಾವುದೇ ಕನ್ನಡ ಲೇಔಟ್ ಇಟ್ಟುಕೊಳ್ಳಿ, ಪಟ್ಟಿಯಲ್ಲಿ ಎರಡನೇ ಜಾಗದಲ್ಲಿ ಇಡಿ. ಅಭಿಮಾನದಿಂದ ಪಾಸ್‌ವರ್ಡನ್ನೂ ಕನ್ನಡದಲ್ಲಿ ಇಡಲು ಹೋಗಬೇಡಿ. ರಜೆಯಲ್ಲಿ ಊರಿಗೆ ಹೋದಾಗ ಇನ್ಯಾರದೋ ಕಂಪ್ಯೂಟರಿನಿಂದ ಮೇಲ್ ತೆರೆಯಬೇಕಾಗಿ ಬಂದರೆ, ಅಲ್ಲಿ ಕನ್ನಡ ಇದ್ದರೂ ಅದು ನಿಮ್ಮದೇ ಲೇಔಟ್ ಆಗಿರುತ್ತದೆ ಎಂಬ ಖಾತ್ರಿ ಇಲ್ಲ.